ಖಾಲಿ ಕೊಡ

"ಕಳ್ಳ ಬರೋ ದಾರಿ ಒಂದನ್ನೂ ಬಿಡದೆ ಮುಚ್ಚಿ ಬರೆದುಕೊಟ್ಟೆ ಸರ್. ಆದರೂ ಅವರ ಮುಖ ಯಾಕೆ ಸಪ್ಪಗಾಯ್ತು?"

ಹೀಗೆ ಕೇಳಿದವಳು ಕಾನೂನು ಓದುವ ಕೊನೆಯ ವರ್ಷದ ಇಂಚರ. ಕೇಳಿದ್ದು ಮೇಷ್ಟ್ರು ನಂಜುಂಡಾರಾಧ್ಯರನ್ನು.

ಮೈಸೂರಿನ ಆ ಕಾಲೇಜಿನಲ್ಲಿ ಮೇಷ್ಟ್ರಿಗೆ ಒಂದು ವಿಚಿತ್ರವಾದ ಪಾಠ ವಹಿಸಿದ್ದರು. ಜೀವವಿಜ್ಞಾನದಲ್ಲಿ ಏನಾದರೂ ಹೊಸದನ್ನು ಕಂಡುಹಿಡಿದು ಕಂಪನಿ ಕಟ್ಟಹೊರಟ ಹುಡುಗ ಹುಡುಗಿಯರಿಗೆ ಕಾನೂನಿನ ಸಲಹೆ ಹೇಳುವುದು ಹೇಗೆಂದು ಕಲಿಸುವ ಪಾಠ. ಅದಕ್ಕೆ ಪುಸ್ತಕವಿರಲಿಲ್ಲ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ತಂಡವನ್ನು ಒಪ್ಪಿಸಿ, ಹೋಗಿ ಅವರ ಕಷ್ಟ ಕೇಳಿಕೊಂಡು ಬನ್ನಿ ಎನ್ನುತ್ತಿದ್ದರು. ಇಂಚರಳ ಪಾಲಿಗೆ ಬಂದದ್ದು ರೆಹಾನಾ ಎಂಬ ಹುಡುಗಿಯ ತಂಡ. ರೇಷ್ಮೆಗೂಡು ಬೇಯಿಸಿದ ಮೇಲೆ ಉಳಿಯುವ ನೀರು ಊರೆಲ್ಲ ನಾರುತ್ತದೆ. ಆ ಕೊಳಕನ್ನೇ ತಿಂದು ನೀರನ್ನು ತಿಳಿಯಾಗಿಸುವ ಒಂದು ಸೂಕ್ಷ್ಮಜೀವಿಯನ್ನು ರೆಹಾನಾಳ ತಂಡ ಹುಡುಕಿ, ಸಾಕಿ, ಪಳಗಿಸಿತ್ತು. ಅಂಥದ್ದು ಬೇರೆ ಯಾರ ಬಳಿಯೂ ಇರಲಿಲ್ಲ. ಕಣ್ಣಿಗೆ ಕಾಣದ ಆ ಜೀವವೇ ಅವರ ಕಂಪನಿ, ಅದೇ ಅವರ ಆಸ್ತಿ.

ಇಂಚರ ಅದಕ್ಕೊಂದು ಕಾವಲಿನ ಕರಾರು ಬರೆದಿದ್ದಳು. ಜೀವಿಯನ್ನು ಒಂದೇ ಪೆಟ್ಟಿಗೆಯಲ್ಲಿ ಇಡಬೇಕು. ಬೀಗದ ಕೈ ರೆಹಾನಾಳ ಬಳಿ ಮಾತ್ರ ಇರಬೇಕು. ಒಂದು ಹನಿಯೂ ಆ ಕೋಣೆಯಿಂದ ಆಚೆ ಹೋಗಕೂಡದು. ಒಂದು ಪಾಲನ್ನು ತಮ್ಮ ಹಳೆಯ ಪ್ರೊಫೆಸರರ ಬಳಿ ಇಟ್ಟಿರುತ್ತೇವೆ ಎಂದು ತಂಡದವರು ಕೇಳಿಕೊಂಡಿದ್ದರು. ಅದು ಆಗದ ಮಾತೆಂದು ಇಂಚರ ಹೊಡೆದುಹಾಕಿದ್ದಳು. ಬಂದು ಒಂದು ಸಲ ನಮ್ಮ ಜೀವಿಯನ್ನು ನೋಡಿ ಹೋಗಿ ಎಂದು ರೆಹಾನಾ ಕರೆದಾಗ, "ಅದೆಲ್ಲ ನನಗೆ ಅರ್ಥ ಆಗಲ್ಲ, ಕಾಗದ ಇದ್ರೆ ಸಾಕು" ಎಂದಿದ್ದಳು. ಮರುದಿನ ಬೆಳಿಗ್ಗೆ ತಂಡ ಆ ಕರಾರಿಗೆ ಸಹಿ ಹಾಕುವುದಿತ್ತು.

ಮೇಷ್ಟ್ರು ಕರಾರನ್ನು ಮೊದಲಿನಿಂದ ಕೊನೆಯವರೆಗೆ ಓದಿದರು. ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೇಳಿದ್ದಕ್ಕೆ ನೇರವಾಗಿ ಉತ್ತರ ಹೇಳಿದರೆ ಅವತ್ತು ಅವರಿಗೆ ಊಟ ಸೇರುವುದಿಲ್ಲ ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

"ಕೂತ್ಕೊಳಮ್ಮ," ಎಂದರು. "ಒಂದು ಕತೆ ಹೇಳ್ತೀನಿ."

ಇಂಚರ ಕೂತಳು. ಮೇಷ್ಟ್ರು ಹೇಳಿದ ಕತೆ ಇದು.

ಒಂದು ಊರಿನಲ್ಲಿ ಒಬ್ಬ ಕರಣಿಕನಿದ್ದ. ಪತ್ರ ಬರೆಯುವುದು ಅವನ ಕಸುಬು. ಹೊಲವಾಗಲಿ, ಬಾವಿಯಾಗಲಿ, ಒಡವೆಯಾಗಲಿ, ಇದು ಇಂಥವರದು ಎಂದು ಅವನು ಬರೆದನೆಂದರೆ ಮುಗಿಯಿತು. ತಲೆಮಾರು ಕಳೆದರೂ ಅದನ್ನು ಅಲ್ಲಾಡಿಸುವವರಿರಲಿಲ್ಲ. ಮಾತಿನಲ್ಲಿ ಹಿಡಿಯಲಾಗದ್ದು ಈ ಲೋಕದಲ್ಲಿ ಯಾವುದೂ ಇಲ್ಲ ಎಂದು ಅವನು ನಂಬಿದ್ದ. ಹಾಗೆ ನಂಬಿದ್ದರಲ್ಲಿ ಆಶ್ಚರ್ಯವೂ ಇಲ್ಲ. ಅಲ್ಲಿಯವರೆಗೆ ಅವನ ಕೈಗೆ ಬಂದದ್ದೆಲ್ಲ ಇಟ್ಟಲ್ಲಿ ಇರುವ ವಸ್ತುಗಳು. ಹೊಲ ಎದ್ದು ಹೋಗುವುದಿಲ್ಲ. ಚಿನ್ನಕ್ಕೆ ಹಸಿವಾಗುವುದಿಲ್ಲ.

ಅದೇ ಊರಿನಲ್ಲಿ ಒಬ್ಬ ಬಣ್ಣಗಾರನಿದ್ದ. ಅವನು ಬಟ್ಟೆಗೆ ಹಾಕುತ್ತಿದ್ದುದು ಒಂದೇ ಬಣ್ಣ, ನೀಲಿ. ಆ ನೀಲಿಗೆ ಸುತ್ತಿನ ಸೀಮೆಯಲ್ಲಿ ಸಾಟಿಯಿರಲಿಲ್ಲ. ಬಟ್ಟೆ ಹರಿದು ಚಿಂದಿಯಾದರೂ ಬಣ್ಣ ಬಿಡುತ್ತಿರಲಿಲ್ಲ. ಊರಿನ ನೇಕಾರರೆಲ್ಲ ಅದನ್ನೇ ನಂಬಿ ಮಗ್ಗ ಹೂಡಿದ್ದರು.

ಆ ನೀಲಿ ಹುಟ್ಟುತ್ತಿದ್ದುದು ಅವನ ಹಿತ್ತಲ ಕೋಣೆಯಲ್ಲಿ, ಕತ್ತಿನವರೆಗೆ ನೆಲದಲ್ಲಿ ಹೂತ ಒಂದು ಮಣ್ಣಿನ ಗುಡಾಣದಲ್ಲಿ. ನೀಲಿಗಿಡದ ಬಿಲ್ಲೆಯನ್ನು ಬರಿಯ ನೀರಿನಲ್ಲಿ ಕದಡಿದರೆ ಅದು ಬಟ್ಟೆಗೆ ಹತ್ತುವುದಿಲ್ಲ. ಅದನ್ನು ಹುಳಿಬರಿಸಿ ಕರಗಿಸಬೇಕು. ಹಾಲಿಗೆ ಹೆಪ್ಪು ಹೇಗೋ ನೀಲಿಗೆ ಗುಡಾಣದ ಹಳೆಯ ನೀರು ಹಾಗೆ. ಬಣ್ಣಗಾರನ ಮುತ್ತಜ್ಜನ ಕಾಲದಿಂದ ಆ ಗುಡಾಣ ಒಂದು ದಿನವೂ ಬರಿದಾಗಿರಲಿಲ್ಲ. ಅದಕ್ಕೆ ಬೆಳಿಗ್ಗೆ ಬೆಲ್ಲದ ನೀರು, ತಗಚೆ ಬೀಜ ಬೇಯಿಸಿದ ಗಂಜಿ, ಒಂದು ಚಿಟಿಕೆ ಸುಣ್ಣ. ಚಳಿ ಬಿದ್ದರೆ ಮೇಲೊಂದು ಕಂಬಳಿ. ಅದು ಸುಖವಾಗಿದ್ದ ದಿನ ಮೇಲೆ ತಾಮ್ರದ ಬಣ್ಣದ ನೊರೆ ಏಳುತ್ತಿತ್ತು. ಗುಡಾಣ ಹೂ ಬಿಟ್ಟಿದೆ ಎನ್ನುತ್ತಿದ್ದರು. ನೊರೆ ಏಳದ ದಿನ ಮುನಿದಿದೆ ಎನ್ನುತ್ತಿದ್ದರು, ಅವತ್ತು ಆ ಮನೆಯಲ್ಲಿ ಯಾರೂ ದನಿಯೆತ್ತಿ ಮಾತಾಡುತ್ತಿರಲಿಲ್ಲ. ಒಳಗೆ ಏನಿದೆ ಎಂದು ಕೇಳಿದರೆ ಅವರಿಗೂ ಗೊತ್ತಿರಲಿಲ್ಲ. ಏನೋ ಇದೆ, ಅದು ಉಣ್ಣುತ್ತದೆ. ಅವರಿಗೆ ತಿಳಿದಿದ್ದುದು ಅಷ್ಟೇ.

ಒಂದು ದಿನ ಪರವೂರಿನ ವರ್ತಕನೊಬ್ಬ ಬಂದ. ಮನೆಯ ಮಾತು, ಮಳೆ ಬೆಳೆಯ ಮಾತು ಎಲ್ಲ ಆಡಿ, ಹೊರಡುವಾಗ ಒಂದು ತಂಬಿಗೆ ಗುಡಾಣದ ನೀರು ಕೊಡು ಎಂದ. ಬಣ್ಣಗಾರ ಕೊಡಲಿಲ್ಲ. ಕೊಡದೆ ಕಳಿಸಿದನೇ ಹೊರತು ಅವನ ಭಯ ಹೋಗಲಿಲ್ಲ. ಇವತ್ತು ಕೇಳಿದವನು ನಾಳೆ ಕದಿಯುತ್ತಾನೆ. ಅವನು ನೇರವಾಗಿ ಕರಣಿಕನ ಜಗಲಿಗೆ ಹೋದ.

"ನಮ್ಮ ನೀಲಿ ನಮ್ಮನೇಲೇ ಉಳೀಬೇಕು ಬುದ್ಧಿ," ಎಂದ. "ಹಂಗೊಂದು ಪತ್ರ ಮಾಡ್ಕೊಡಿ."

"ಅದಕ್ಕೇನಂತೆ," ಎಂದ ಕರಣಿಕ.

ಕೂತ ಜಾಗದಿಂದ ಏಳದೆ ಅವನು ಪತ್ರ ಬರೆದ. ಎಂಥ ಪತ್ರ! ನವಿಲಿನ ಕತ್ತಿನಂಥ ನೀಲಿ ಬಣ್ಣ ಈ ಮನೆಯದು. ಈ ನೀಲಿಯ ಬಟ್ಟೆಯನ್ನು ಬೇರೆ ಯಾರು ಅದ್ದಿ ತೆಗೆದರೂ ಅವರ ಗುಡಾಣ ಒಡೆಯತಕ್ಕದ್ದು. ಗುಡಾಣದ ಕೋಣೆಗೆ ಬೀಗ, ಬೀಗದ ಮೇಲೆ ರಾಜಮುದ್ರೆಯ ಅಚ್ಚು. ಬಣ್ಣಗಾರನ ಹೊರತು ಒಳಗೆ ಕಾಲಿಡುವ ಹಕ್ಕು ಯಾರಿಗೂ ಇಲ್ಲ, ಹೆಂಡತಿ ಮಕ್ಕಳಿಗೂ ಇಲ್ಲ. ಒಂದು ಹನಿ ನೀರೂ ಹೊಸಿಲು ದಾಟಕೂಡದು. ಕರಣಿಕ ಅದಕ್ಕೆ ರಾಜನ ಒಪ್ಪಿಗೆಯನ್ನೂ ತರಿಸಿಕೊಟ್ಟ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಹಾಗೆ ಬರೆದಿದ್ದೇನೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಬಣ್ಣಗಾರ ಅವನ ಕಾಲಿಗೆ ಬಿದ್ದು ಪತ್ರವನ್ನು ಕಣ್ಣಿಗೊತ್ತಿಕೊಂಡು ಹೋದ. ಪತ್ರ ಬರೆದವನು ಗುಡಾಣ ನೋಡಿಲ್ಲ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ.

ಆ ವರ್ಷವೇ ಬಣ್ಣಗಾರನ ಮಗಳ ಮದುವೆಯಾಯಿತು. ಮುತ್ತಜ್ಜನ ಕಾಲದಿಂದ ಆ ಮನೆಯಲ್ಲಿ ಹುಟ್ಟಿದ ಹೆಣ್ಣು ಇವಳೊಬ್ಬಳೇ. ಗಂಡಿನ ಮನೆಯವರೂ ಬಣ್ಣಗಾರರೇ, ಹೊಳೆಯಾಚೆಯ ದೂರದ ಊರು.

ಬಣ್ಣಗಾರರಲ್ಲಿ ಒಂದು ಪದ್ಧತಿಯಿತ್ತು. ಮಗಳನ್ನು ಕಳಿಸಿಕೊಡುವಾಗ ಮಡಿಲಿಗೆ ಅಕ್ಕಿ, ಕೊಬ್ಬರಿ, ಬೆಲ್ಲ ತುಂಬಿದ ಮೇಲೆ, ಕಟ್ಟಕಡೆಗೆ ತವರಿನ ಗುಡಾಣದಿಂದ ಒಂದು ಕೊಡ ನೀಲಿನೀರು ಕೊಡುತ್ತಿದ್ದರು. ಅವಳು ಅದನ್ನು ಸೊಂಟದ ಮೇಲೆ ಹೊತ್ತು ಹೋಗಿ ಗಂಡನ ಮನೆಯಲ್ಲಿ ಗುಡಾಣ ಹೂಡಬೇಕು. ಆ ಕೊಡವಿಲ್ಲದೆ ಹೋದವಳನ್ನು ಬರಿಗೈಯಲ್ಲಿ ಬಂದವಳು ಎನ್ನುತ್ತಿದ್ದರು, ಮೈತುಂಬ ಒಡವೆಯಿದ್ದರೂ ಸರಿ.

ತಾಯಿ ಹಳೆಯ ಮಣ್ಣಿನ ಕೊಡವೊಂದನ್ನು ಹಿಂದಿನ ದಿನವೇ ಗಂಡನಿಂದ ತುಂಬಿಸಿಟ್ಟಿದ್ದಳು. ಮಗಳು ಅದನ್ನು ಎತ್ತಿಕೊಂಡು ಹೊಸಿಲ ಬಳಿ ಬಂದಾಗ ಮದುವೆಗೆ ಬಂದಿದ್ದ ಕರಣಿಕ ಕೈ ಅಡ್ಡ ಹಿಡಿದ.

"ಇದೇನಿದು? ಒಂದು ಹನಿಯೂ ದಾಟಕೂಡದು ಅಂತ ಬರೆದಿದೆಯಲ್ಲ?"

"ಮಗಳಲ್ವಾ ಬುದ್ಧಿ," ಎಂದ ಬಣ್ಣಗಾರ.

"ಇವತ್ತು ಮಗಳು. ನಾಳೆ ಅಳಿಯ. ಆಮೇಲೆ ಅಳಿಯನ ಅಣ್ಣ ತಮ್ಮಂದಿರು. ನಿನ್ನ ನೀಲಿ ಊರ ಮುಂದಿನ ಕೆರೆ ಆಗುತ್ತೆ, ಆಗಬಹುದಾ?"

ಕರಣಿಕ ಕೊಡವನ್ನು ತಾನೇ ಇಸಿದುಕೊಂಡ. ಅದನ್ನು ಬಣ್ಣಗಾರನ ಕೈಲಿ ಒಳಗೆ ಕಳಿಸಿ ಗುಡಾಣಕ್ಕೆ ಸುರಿಸಿದ. ಬರಿದಾಗಿ ಬಂದ ಕೊಡವನ್ನು ಬೋರಲು ಹಾಕಿ ತಟ್ಟಿ ನೋಡಿದ. ಹನಿ ಬೀಳಲಿಲ್ಲ. ಪತ್ರದ ಕೊನೆಯಲ್ಲಿ ಒಂದು ಸಾಲು ಸೇರಿಸಿದ: ಮಗಳಿಗೆ ಖಾಲಿ ಕೊಡ ಕೊಟ್ಟಿದೆ. ನಾಲ್ಕು ಜನ ಸಾಕ್ಷಿ ಹಾಕಿದರು. "ತಗೊಳಮ್ಮ, ಪದ್ಧತಿಗೆ ಕೊಡವಂತೂ ಆಯ್ತಲ್ಲ," ಎಂದು ಅವಳ ಕೈಗೆ ಕೊಟ್ಟ. ಅವನ ಮಾತಿನಲ್ಲಿ ಕೇಡಿರಲಿಲ್ಲ. ಆ ಮನೆಯನ್ನು ಕಾಪಾಡುತ್ತಿದ್ದೇನೆಂದೇ ಅವನು ತಿಳಿದಿದ್ದ. ಹುಡುಗಿ ಅಪ್ಪನ ಮುಖ ನೋಡಿದಳು. ಅಪ್ಪ ನೆಲ ನೋಡಿದ. ಅವಳು ಖಾಲಿ ಕೊಡವನ್ನು ಸೊಂಟಕ್ಕೇರಿಸಿಕೊಂಡು ಗಾಡಿ ಹತ್ತಿದಳು.

ಕೆಲವು ಕಾಲ ಎಲ್ಲವೂ ಸರಿಯಾಗಿಯೇ ನಡೆಯಿತು. ವರ್ತಕ ಮತ್ತೆ ಬಂದು ಬೀಗ ನೋಡಿ ವಾಪಸ್ಸು ಹೋದ. ಕರಣಿಕನ ಹೆಸರು ಇನ್ನೂ ನಾಲ್ಕು ಊರಿಗೆ ಹಬ್ಬಿತು.

ಆಮೇಲೆ ಬಣ್ಣಗಾರ ಚಳಿಜ್ವರ ಬಂದು ಮಲಗಿದ. ಮೈಮೇಲೆ ಎಚ್ಚರವಿಲ್ಲದಂಥ ಜ್ವರ. ಮೊದಲೆಲ್ಲ ಅವನು ಊರಲ್ಲಿಲ್ಲದಾಗ ಗುಡಾಣಕ್ಕೆ ಉಣಿಸುತ್ತಿದ್ದವಳು ಅವನ ಹೆಂಡತಿ. ಈಗ ಬಾಗಿಲಿಗೆ ಬೀಗವಿತ್ತು, ಬೀಗದ ಮೇಲೆ ಮುದ್ರೆಯಿತ್ತು. ಅವಳು ಗಂಜಿಯ ಪಾತ್ರೆ ಹಿಡಿದು ಬಾಗಿಲ ಬಳಿ ನಿಂತಳು. ನಿಂತು ಸಾಕಾಗಿ ಕರಣಿಕನಲ್ಲಿಗೆ ಹೋದಳು.

"ಬಾಗಿಲು ತೆಗೆಸಿಕೊಡಿ ಬುದ್ಧಿ. ಗುಡಾಣ ಹಸಕೊಂಡದೆ."

ಕರಣಿಕ ಪತ್ರ ತೆಗೆದು ನೋಡಿದ. ಬಣ್ಣಗಾರನ ಹೊರತು ಯಾರಿಗೂ ಹಕ್ಕಿಲ್ಲ ಎಂದಿತ್ತು. ಬಣ್ಣಗಾರ ಮಲಗಿದರೆ ಯಾರು ಎಂದು ಬರೆದಿರಲಿಲ್ಲ. ಹೊಲದ ಪತ್ರದಲ್ಲಿ ಆ ಮಾತು ಬೇಕಾಗುವುದಿಲ್ಲ. ಒಡೆಯನಿಗೆ ಜ್ವರ ಬಂದರೆ ಹೊಲ ಕಾಯುತ್ತದೆ.

"ಅವನು ಏಳಲಿ, ನೋಡೋಣ," ಎಂದ.

ಹೆಂಗಸು ಹೊರಟುಹೋದಳು. ರಾಜಮುದ್ರೆಯ ಬೀಗ ತೆಗೆಯುವ ಧೈರ್ಯ ಅವಳಿಗೂ ಇರಲಿಲ್ಲ.

ಬಣ್ಣಗಾರ ಬದುಕಿಕೊಂಡ. ಎದ್ದವನು ಗೋಡೆ ಹಿಡಿದುಕೊಂಡು ಹೋಗಿ ಬಾಗಿಲು ತೆಗೆದ. ಗುಡಾಣದ ಮೇಲೆ ನೊರೆಯಿರಲಿಲ್ಲ. ಬೆರಳದ್ದಿದ. ಬೂದಿ ಬಣ್ಣದ ನೀರು. ಮೂಸಿ ನೋಡಿದ. ಕೊಳೆತ ನಾತ. ಗುಡಾಣ ಸತ್ತಿತ್ತು.

ಅವತ್ತು ಆ ಮನೆಯಲ್ಲಿ ಒಲೆ ಹಚ್ಚಲಿಲ್ಲ. ಮಗ್ಗಗಳು ನಿಂತವು. ನೇಕಾರರು ಒಬ್ಬೊಬ್ಬರಾಗಿ ಬಂದು, ಸಾವಿನ ಮನೆಗೆ ಬಂದವರ ಹಾಗೆ ಜಗಲಿಯ ಮೇಲೆ ಕೂತು ಎದ್ದು ಹೋದರು. ಕರಣಿಕನೂ ಬಂದ. ಅವನ ಕಂಕುಳಲ್ಲಿ ಪತ್ರವಿತ್ತು. ಒಂದಕ್ಷರ ಮಾಸಿರಲಿಲ್ಲ. ಇಡೀ ಸೀಮೆಯಲ್ಲಿ ಯಾರೂ ಕದಿಯಲಾಗದ ಹಾಗೆ ಅವನು ಆ ನೀಲಿಯನ್ನು ಕಾದಿದ್ದ. ಈಗ ಕದಿಯುವುದಕ್ಕೆ ನೀಲಿಯೇ ಇರಲಿಲ್ಲ. ಯಾರಾದರೂ ನಾಲ್ಕು ಮಾತು ಬೈದಿದ್ದರೆ ಅವನಿಗೆ ಸಮಾಧಾನವಾಗುತ್ತಿತ್ತು. ಯಾರೂ ಬೈಯಲಿಲ್ಲ.

ಬಣ್ಣಗಾರನ ಹೆಂಡತಿ ಒಂದೇ ಮಾತು ಹೇಳಿದಳು. "ಮಗಳಿಗೆ ಸುದ್ದಿ ಮುಟ್ಟಿಸಬೇಕು."

ಅದೂ ಅವರ ಪದ್ಧತಿ. ತವರಿನ ಗುಡಾಣ ಸತ್ತರೆ ಹೆಣ್ಣುಮಕ್ಕಳಿಗೆ ಸೂತಕ. ಸುದ್ದಿಯನ್ನು ಒಬ್ಬರು ಹೋಗಿ ಎದುರು ನಿಂತು ಹೇಳಬೇಕು.

"ನಾನು ಹೋಗ್ತೀನಿ," ಎಂದ ಕರಣಿಕ.

ಹೊಳೆ ದಾಟಿ, ಗುಡ್ಡ ಬಳಸಿ ಅವನು ಆ ಊರು ಸೇರಿದ. ದಾರಿಯುದ್ದಕ್ಕೂ ಹೇಗೆ ಹೇಳಲಿ ಎಂದು ಮಾತು ಜೋಡಿಸಿಕೊಂಡ. ಜೋಡಿಸಿದ್ದು ಯಾವುದೂ ನಿಲ್ಲಲಿಲ್ಲ. ಕೇರಿಯ ತಿರುವಿನಲ್ಲಿ ಅವಳ ಮನೆಯ ಅಂಗಳ ಕಂಡಿತು. ಅಂಗಳದಲ್ಲಿ ಹಗ್ಗದ ಮೇಲೆ ಬಟ್ಟೆ ಒಣಗುತ್ತಿತ್ತು.

ನೀಲಿ. ಅದೇ ನೀಲಿ. ನವಿಲಿನ ಕತ್ತು.

ಕರಣಿಕ ಎಂಥ ಕರಣಿಕ ನೋಡು. ಸಾವಿನ ಸುದ್ದಿ ಹೊತ್ತು ಬಂದವನಿಗೆ ಮೊದಲು ಹೊಳೆದದ್ದು, ಕಳ್ಳತನ! ಪತ್ರ ಮುರಿದಿದ್ದಾರೆ! ಇವರ ಗುಡಾಣ ಒಡೆಯತಕ್ಕದ್ದು! ಕೈ ತಾನಾಗಿಯೇ ಕಂಕುಳಿನ ಪತ್ರಕ್ಕೆ ಹೋಯಿತು. ಹುಡುಗಿ ತೊಯ್ದ ಕೈ ಒರೆಸಿಕೊಳ್ಳುತ್ತ ಹೊರಗೆ ಬಂದಳು. ಮೊಣಕೈವರೆಗೆ ನೀಲಿಯಾಗಿತ್ತು.

"ಈ ನೀಲಿ ಎಲ್ಲಿಂದ ಬಂತು?" ಎಂದು ಗದರಿದ.

ಅವಳಿಗೆ ಆಶ್ಚರ್ಯವಾಯಿತು. "ನೀವೇ ಕೊಟ್ರಲ್ಲ ಬುದ್ಧಿ. ಖಾಲಿ ಕೊಡ."

ಅವನಿಗೆ ಅರ್ಥವಾಗಲಿಲ್ಲ. ಅವಳು ಹೇಳಿದಳು. ಬಂದ ಹೊಸದರಲ್ಲಿ ತವರಿನ ನೆನಪು ತಡೆಯಲಾರದೆ ಒಂದು ದಿನ ಆ ಕೊಡಕ್ಕೆ ಬೆಲ್ಲದ ನೀರು ಹಾಕಿದ್ದಳು, ಗಂಜಿ ಹಾಕಿದ್ದಳು, ಸುಣ್ಣ ಹಾಕಿದ್ದಳು, ಒಂದು ನೀಲಿ ಬಿಲ್ಲೆ ಪುಡಿಮಾಡಿ ಹಾಕಿದ್ದಳು. ಏನೂ ಆಗುವುದಿಲ್ಲವೆಂದು ಅತ್ತೆ ನಕ್ಕಿದ್ದಳು. ಏನಾದರೂ ಆಗಲೆಂದು ಅವಳೂ ಹಾಕಿರಲಿಲ್ಲ. ಬೆಳಿಗ್ಗೆ ಎದ್ದು ಉಣಿಸುವ ಅಭ್ಯಾಸ ಬಿಡಲಿಲ್ಲ, ಅಷ್ಟೇ. ಹಾಗೇ ಉಣಿಸುತ್ತಿದ್ದಳು. ಒಂದು ಬೆಳಗು ನೋಡಿದರೆ ಕೊಡದ ಬಾಯಲ್ಲಿ ತಾಮ್ರದ ಹೂ. ಅದನ್ನೇ ಸುರಿದು ಗುಡಾಣ ಹೂಡಿದ್ದಳು.

"ಮೊಸರಿನ ಹಳೇ ಗಡಿಗೆಗೆ ಬರೀ ಹಾಲು ಹುಯ್ದರೂ ಹೆಪ್ಪಾಯ್ತದಲ್ಲ ಬುದ್ಧಿ," ಎಂದಳು. "ಮಣ್ಣು ಕುಡಕೊಂಡಿತ್ತು ಅಂತ ಕಾಣ್ತದೆ."

ಕರಣಿಕ ಕೊಡವನ್ನು ಬೋರಲು ಹಾಕಿದ್ದ. ತಟ್ಟಿದ್ದ. ಖಾಲಿ ಎಂದು ಬರೆದಿದ್ದ. ನಾಲ್ಕು ಸಾಕ್ಷಿ ಹಾಕಿಸಿದ್ದ. ಅವನು ಖಾಲಿ ಎಂದು ಬರೆಯುತ್ತಿರುವಾಗಲೇ ಆ ಮಣ್ಣಿನ ಗೋಡೆಯೊಳಗೆ ಅದು ಕಣ್ಣಿಗೆ ಬೀಳದೆ, ಅವನ ಲೇಖನಿಗೆ ಸಿಗದೆ ಸುಮ್ಮನೆ ಕೂತಿತ್ತು.

"ಬನ್ನಿ, ಒಂದು ಪಂಚೆ ಅದ್ದಿಟ್ಟಿದೀನಿ, ತೆಗೀತೀನಿ," ಎಂದು ಅವಳು ಒಳಗೆ ಕರೆದಳು.

ಅವನು ಒಳಗೆ ಹೋದ. ಅಲ್ಲಿಯವರೆಗೆ ಅವನು ಗುಡಾಣವಿರುವ ಕೋಣೆಗೆ ಕಾಲಿಟ್ಟವನಲ್ಲ. ಬೆಚ್ಚಗಿತ್ತು. ಹುಳಿ, ಬೆಲ್ಲ, ಹಸಿ ಮಣ್ಣು ಎಲ್ಲ ಕಲೆತ ವಾಸನೆ. ಗುಡಾಣದೊಳಗಿನ ನೀರು ನೀಲಿಯಾಗಿರಲಿಲ್ಲ. ಹಳದಿಗೆ ತಿರುಗಿದ ಹಸಿರು. ಅವಳು ತೋಳು ಇಳಿಬಿಟ್ಟು ಪಂಚೆಯನ್ನು ಮೆಲ್ಲಗೆ ಎತ್ತಿದಳು. ಪಂಚೆಯೂ ಹಸಿರು, ಎಳೆ ಬಾಳೆಯ ಸುಳಿಯ ಹಸಿರು. ಕರಣಿಕ ಏನೋ ತಪ್ಪಾಗಿದೆ ಎಂದುಕೊಂಡ. ಅಷ್ಟರಲ್ಲಿ ಗಾಳಿ ತಾಗಿತು. ಪಂಚೆಯ ಅಂಚಿನಲ್ಲಿ ಒಂದು ನೆರಳು ಸುಳಿದ ಹಾಗಾಯಿತು. ನೋಡುತ್ತಿದ್ದಂತೆ ಆ ನೆರಳು ಹರಡಿತು, ಹಸಿರು ಹಿಂದೆ ಸರಿಯಿತು, ಯಾರೂ ಮುಟ್ಟದೆ, ಯಾರೂ ಬಳಿಯದೆ, ಅವನ ಕಣ್ಣ ಮುಂದೆಯೇ ನೀಲಿ ಹುಟ್ಟಿತು.

ಅವನಿಗೆ ಮೈ ಝುಮ್ಮೆಂದಿತು. ಇಷ್ಟು ಕಾಲ ಇದನ್ನೇ ಕುರಿತು ಬರೆದಿದ್ದೆನೇ? ನವಿಲಿನ ಕತ್ತು ಎಂದು ಬರೆದಿದ್ದ. ಪತ್ರದಲ್ಲಿ ಎಲ್ಲಿಯೂ ಹಸಿರಿನ ಮಾತೇ ಇರಲಿಲ್ಲ. ಹಸಿರಾಗಿದ್ದಾಗಲೇ ಒಬ್ಬ ಕದ್ದುಕೊಂಡು ಓಡಿದ್ದರೆ ಅವನ ಅಂಥ ಪತ್ರ ಆ ಕಳ್ಳನ ಕೂದಲನ್ನೂ ಕೊಂಕಿಸುತ್ತಿರಲಿಲ್ಲ. ಆ ಯೋಚನೆಗೆ ಅವನಿಗೆ ನಗು ಬಂತು. ಮರುಗಳಿಗೆ ಕಣ್ಣು ತುಂಬಿತು. ಇನ್ನೊಂದು ಮಾತೂ ಹೊಳೆಯಿತು. ಲೋಕದಲ್ಲಿ ಉಳಿದಿದ್ದುದು ಇದೊಂದೇ ಗುಡಾಣ. ಪತ್ರದ ಪ್ರಕಾರ ಒಡೆಯಬೇಕಾದದ್ದೂ ಇದನ್ನೇ.

ಅವನು ಗುಡಾಣಕ್ಕೆ ಕೈ ಮುಗಿದ. ದೇವರ ಮುಂದೆಯೂ ವಾದ ಹೂಡುವ ಮನುಷ್ಯ ಅವನು. ಆಮೇಲೆ ತಾನು ಬಂದ ಕೆಲಸ ಹೇಳಿದ.

ಹುಡುಗಿ ಅಳುತ್ತ ನಿಲ್ಲಲಿಲ್ಲ. ಅದೇ ಹಳೆಯ ಕೊಡವನ್ನು ತೊಳೆಯದೆ ತಂದು ಗುಡಾಣಕ್ಕೆ ಅದ್ದಿ ತುಂಬಿಸಿದಳು. ಬಾಯಿಗೆ ಬಟ್ಟೆ ಕಟ್ಟಿದಳು. ಬೆಲ್ಲ, ತಗಚೆ ಗಂಜಿ, ಸುಣ್ಣ ಎಲ್ಲವನ್ನೂ ಗಂಟು ಕಟ್ಟಿಕೊಟ್ಟಳು.

"ದಾರೀಲಿ ಉಣಿಸಿ," ಎಂದಳು. "ತಣ್ಣಗಾಗಕೆ ಬಿಡಬೇಡಿ."

ಮದುವೆಯಲ್ಲಿ ಮಗಳು ಹೊರಬೇಕಾಗಿದ್ದ ಕೊಡವನ್ನು ಈಗ ಕರಣಿಕ ಹೊತ್ತ. ಗಾಡಿ ಕುಲುಕುತ್ತದೆಂದು ನಡೆದೇ ಬಂದ. ನಿಂತಲ್ಲಿ ಕೊಡದ ಹೊಟ್ಟೆ ಮುಟ್ಟಿ ನೋಡುತ್ತಿದ್ದ. ತನಗೆ ಹಸಿವಾದಾಗಲೆಲ್ಲ ಮೊದಲು ಅದಕ್ಕೆ ಉಣಿಸುತ್ತಿದ್ದ. ಚಳಿಯಾದಾಗ ತನ್ನ ಶಾಲನ್ನು ಅದಕ್ಕೆ ಸುತ್ತಿದ. ದೋಣಿಯಲ್ಲಿ ಪಕ್ಕದವರು ಅದೇನು ಸ್ವಾಮಿ ಎಂದು ಕೇಳಿದರು. ಸೀಮೆಗೇ ಹೆಸರಾದ ಮಾತುಗಾರ. ಬಾಯಿ ತೆರೆದು, ಏನೆಂದು ಹೇಳಬೇಕೋ ತಿಳಿಯದೆ, ಮತ್ತೆ ಮುಚ್ಚಿದ.

ಬಣ್ಣಗಾರನ ಮನೆಯಲ್ಲಿ ಗುಡಾಣವನ್ನು ಬಳಿದು ಸಿದ್ಧಮಾಡಿದರು. ಕೊಡದ ನೀರನ್ನು ಅದಕ್ಕೆ ಸುರಿದರು. ಬಾಗಿಲಿಗೆ ಬೀಗ ಹಾಕಲಿಲ್ಲ. ಬಣ್ಣಗಾರ ಇನ್ನೂ ಚೇತರಿಸಿಕೊಂಡಿರಲಿಲ್ಲ. ಅವನ ಹೆಂಡತಿ ಉಣಿಸಿದಳು, ಅವಳು ದಣಿದಾಗ ಕರಣಿಕ ಉಣಿಸಿದ. ಅವನು ಮನೆಗೆ ಹೋಗಲೇ ಇಲ್ಲ. ಬಾಣಂತಿ ಕೋಣೆಯ ಹೊರಗೆ ಕಾಯುವವರ ಹಾಗೆ ಹಿತ್ತಲಲ್ಲಿಯೇ ಕೂತಿದ್ದ. ಕೊನೆಗೊಂದು ಬೆಳಿಗ್ಗೆ ಒಳಗಿನಿಂದ ಹೆಂಗಸು ಮೆಲ್ಲಗೆ ಕರೆದಳು. ಅವನು ಬಗ್ಗಿ ನೋಡಿದ. ಗುಡಾಣ ಹೂ ಬಿಟ್ಟಿತ್ತು.

ಕರಣಿಕ ಹಳೆಯ ಪತ್ರವನ್ನು ಒಲೆಗೆ ಹಾಕಿದ. ರಾಜನಿಗೆ ಹೇಳಿ ಹೊಸ ಪತ್ರ ಬರೆದ. ನೀಲಿ ಆ ಮನೆಯದೇ ಎಂದು ಅದರಲ್ಲೂ ಇತ್ತು. ಹೇಳದೆ ಕೇಳದೆ ಒಯ್ದವರಿಗೆ ಶಿಕ್ಷೆಯೂ ಇತ್ತು. ಅವನೇನು ಕಸುಬು ಮರೆತಿರಲಿಲ್ಲ. ಆದರೆ ಮಗಳ ಮನೆಯಲ್ಲೊಂದು ಕೊಡ ಇರತಕ್ಕದ್ದು, ಅರಮನೆಯ ಕಾವಲಿನಲ್ಲೊಂದು ಕೊಡ ಇರತಕ್ಕದ್ದು ಎಂದೂ ಇತ್ತು. ಹಸಿರಿನ ಮಾತೂ ಇತ್ತು. ಮತ್ತೆ, ಆ ಪತ್ರದ ಮೊದಲ ಸಾಲು ಅವನು ಜೀವಮಾನದಲ್ಲಿ ಬರೆದ ಯಾವ ಪತ್ರದ ಮೊದಲ ಸಾಲಿನ ಹಾಗೂ ಇರಲಿಲ್ಲ.

ಮೇಷ್ಟ್ರು ಇಲ್ಲಿಗೆ ನಿಲ್ಲಿಸಿದರು.

ಇಂಚರ ಕತೆಯೊಳಗೇ ಇದ್ದಳು. ಎಳೆ ಬಾಳೆಯ ಸುಳಿಯಂಥ ಹಸಿರು ಅವಳ ಕಣ್ಣ ಮುಂದಿತ್ತು. ಬಂದು ಒಂದು ಸಲ ನೋಡಿ ಹೋಗಿ ಎಂದು ರೆಹಾನಾ ಕರೆದದ್ದು ನೆನಪಾಯಿತು. ಕರೆಯುವಾಗ ಆ ಹುಡುಗಿಯ ಮುಖದಲ್ಲಿ ಎಷ್ಟು ಸಂಭ್ರಮವಿತ್ತೆಂದು ಈಗ ಗೊತ್ತಾಯಿತು. ಅವಳಿಗೆ ನಾಚಿಕೆಯೂ ಆಯಿತು, ಈಗಲೇ ಎದ್ದು ಓಡಬೇಕು ಎಂದೂ ಅನ್ನಿಸಿತು. ಆದರೂ ಕಾನೂನಿನ ಹುಡುಗಿ. ಅರ್ಧಕ್ಕೆ ಬಿಟ್ಟ ಪತ್ರವನ್ನು ಬಿಡಲು ಮನಸ್ಸು ಬರಲಿಲ್ಲ.

"ಆ ಮೊದಲನೇ ಸಾಲು ಏನಿತ್ತು ಸರ್?"

ಮೇಷ್ಟ್ರು ಕನ್ನಡಕ ಹಾಕಿಕೊಂಡರು. ಅವಳ ಕರಾರನ್ನು ಅವಳ ಕಡೆಗೆ ತಿರುಗಿಸಿ ಮೇಜಿನ ಮೇಲೆ ಮೆಲ್ಲಗೆ ಸರಿಸಿದರು.

"ನಾಳೆ ರೆಹಾನಾ ಜ್ವರ ಬಂದು ಮಲಗಿದರೆ, ಅದಕ್ಕೆ ಉಣಿಸೋರು ಯಾರು ಮಗಳೇ?"